ಪಕ್ಕದ ಮನೆಯ ಆಶ್‌ಬಿ ಅಜ್ಜ ಕೋಟೆಯ ವಂಶದವರಾ? ಇಂಗ್ಲೆಂಡಿನ ಊರ ಹೆಸರು, ಅಡ್ಡಹೆಸರುಗಳ ಬಗ್ಗೆ

ಪ್ರಶ್ನೆ: ನಾವು ಗದಗದ ಕಡೆಯವರು. ಈಗ ಇಂಗ್ಲೆಂಡಿನ ಲೆಸ್ಟರ್ ಪಕ್ಕದ ಓಡ್‌ಬಿಯಲ್ಲಿ ಇದ್ದೇವೆ. ಮಗಳಿಗೆ ಸ್ಕೂಲಿನಲ್ಲಿ 'ನಮ್ಮ ಊರಿನ ಹೆಸರು' ಅಂತ ಪ್ರಾಜೆಕ್ಟ್ ಕೊಟ್ಟಿದ್ದಾರೆ. 'ಬಿ' ಅಂತ ಮುಗಿಯುವ ಊರೆಲ್ಲ ವೈಕಿಂಗರದ್ದು ಅಂತ ಅವಳು ಕಲಿತು ಬಂದಿದ್ದಾಳೆ. ನಾವು ಸೀರೆ, ಒಡವೆ ತರಲು ಹೋಗುವ ಬೆಲ್‌ಗ್ರೇವ್ ರಸ್ತೆಯ ಹೆಸರಿಗೆ 'ಚೆಂದದ ತೋಪು' ಅಂತ ಅರ್ಥವಂತೆ. ಲೆಸ್ಟರ್ ಅಂದರೆ ಲಿಯರ್ ರಾಜನ ಊರಂತೆ. ಇದೆಲ್ಲ ನಿಜವಾ? ಇನ್ನೊಂದು ವಿಷಯ. ಪಕ್ಕದ ಮನೆಯ ಅಜ್ಜನ ಅಡ್ಡಹೆಸರು ಆಶ್‌ಬಿ. ತಮ್ಮದು ಆಶ್‌ಬಿ-ಡಿ-ಲಾ-ಝೂಶ್ ಕೋಟೆಯ ಒಡೆಯರ ವಂಶ ಅಂತ ಹೇಳುತ್ತಿರುತ್ತಾರೆ. ಅವರ ಎಂಬತ್ತನೇ ಹುಟ್ಟುಹಬ್ಬಕ್ಕೆ 'ಆಶ್‌ಬಿ ವಂಶ ಲಾಂಛನ' ಅಂತ ಅಂಗಡಿಯಲ್ಲಿ ಮಾರುವ ಫ್ರೇಮ್ ಹಾಕಿದ ಚಿತ್ರ ಕೊಡೋಣ ಅಂದುಕೊಂಡಿದ್ದೇವೆ. ಅದರ ಬದಲು ಡಿಎನ್‌ಎ ಕಿಟ್ ಕೊಟ್ಟರೆ ಹೇಗೆ? ದುಡ್ಡು ಹಾಕುವ ಮುಂಚೆ ಗೊತ್ತಿದ್ದವರನ್ನು ಕೇಳೋಣ ಅನಿಸಿತು.

ಉತ್ತರ: ಒಳ್ಳೆ ಕೆಲಸ ಮಾಡಿದಿರಿ, ಮುಂಚೆಯೇ ಕೇಳಿದಿರಿ. ಮಗಳು ತಪ್ಪು ಬರೆಯಬಾರದು, ಅಜ್ಜನಿಗೆ ಸುಳ್ಳು ಉಡುಗೊರೆ ಕೊಡಬಾರದು ಅನ್ನುವುದು ನಿಮ್ಮ ಕಾಳಜಿ. ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ಓಡ್‌ಬಿ ವೈಕಿಂಗರ ಕಡೆಯ ಹೆಸರೇ, ಆದರೆ 'ಬಿ' ಇರುವ ಊರೆಲ್ಲ ಹಾಗಲ್ಲ. ಬೆಲ್‌ಗ್ರೇವ್ ಕಥೆ ಅರ್ಧ ನಿಜ. ಲಿಯರ್ ರಾಜನ ಕಥೆ ಸುಳ್ಳು. ಲಾಂಛನದ ಚಿತ್ರ ಕೊಳ್ಳಬೇಡಿ. ಡಿಎನ್‌ಎ ಕಿಟ್ ಬಗ್ಗೆ ಸ್ವಲ್ಪ ಯೋಚಿಸಿ.

ನಾನು ಹೆಸರುಗಳ ಚರಿತ್ರೆಯನ್ನೇ ಪಾಠ ಮಾಡುವ ಮನುಷ್ಯ. ಕ್ಲಾಸಿನಲ್ಲಿ ಮೊದಲು ಹೇಳುವುದು ಒಂದೇ ಮಾತು: ಹೆಸರನ್ನು ಇವತ್ತಿನ ಸ್ಪೆಲಿಂಗ್‌ನಿಂದ ಓದಬೇಡಿ, ಸಿಕ್ಕುವ ಅತಿ ಹಳೆಯ ಬರಹದಿಂದ ಓದಿ. ಬೆಂಗಳೂರಿನ 'ಬೆಂದಕಾಳೂರು' ಕಥೆ ನಿಮಗೆ ಗೊತ್ತೇ ಇದೆ. 12ನೇ ಶತಮಾನದ ಹೊಯ್ಸಳ ರಾಜ ಬಲ್ಲಾಳನಿಗೆ ಅಜ್ಜಿ ಬೇಯಿಸಿದ ಕಾಳು ಕೊಟ್ಟಳು ಅನ್ನುವ ಕಥೆ. ಆದರೆ ಬೇಗೂರಿನ ದೇವಸ್ಥಾನದ ವೀರಗಲ್ಲು ಸುಮಾರು 890ರ ಕಾಲದ್ದು. ಅದರಲ್ಲಿ ಆಗಲೇ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ಬಲ್ಲಾಳ ಹುಟ್ಟುವ ಎಷ್ಟೋ ಮುಂಚೆ ಹೆಸರು ಇತ್ತು ಅಂದಮೇಲೆ ಕಾಳಿನ ಕಥೆ ನಿಲ್ಲುವುದಿಲ್ಲ. ಇಂಗ್ಲೆಂಡಿನಲ್ಲೂ ಪರೀಕ್ಷೆ ಇದೇ. ಅಲ್ಲಿ ಹೆಚ್ಚಿನ ಊರುಗಳಿಗೆ ಕೈಗೆ ಸಿಗುವ ಮೊದಲ ದಾಖಲೆ 1086ರ ಡೋಮ್ಸ್‌ಡೇ ಪುಸ್ತಕ. ನಾರ್ಮಂಡಿಯಿಂದ ಬಂದು 1066ರಲ್ಲಿ ಇಂಗ್ಲೆಂಡ್ ಗೆದ್ದ ವಿಲಿಯಂ, ಯಾರ ಹತ್ತಿರ ಎಷ್ಟು ಭೂಮಿ ಇದೆ, ಎಷ್ಟು ನೇಗಿಲು ಇದೆ ಅಂತ ಬರೆಸಿದ ಲೆಕ್ಕ ಅದು.

ಈಗ ಲೆಸ್ಟರ್. ಲಿಯರ್ ಎಂಬ ರಾಜ ಈ ಊರು ಕಟ್ಟಿಸಿದ ಅಂತ ಬರೆದವನು 12ನೇ ಶತಮಾನದ ಜೆಫ್ರಿ ಆಫ್ ಮಾನ್‌ಮತ್. ಊರ ಹೆಸರು ನೋಡಿ ರಾಜನನ್ನು ಹುಟ್ಟಿಸುವುದು ಅವನಿಗೆ ಹೊಸದೇನಲ್ಲ. ರೋಮನ್ನರ ಕಾಲದಲ್ಲಿ ಈ ಊರನ್ನು ರಾಟೆ ಅಂತ ಕರೆಯುತ್ತಿದ್ದರು. ರೋಮನ್ನರು ಹೋದ ಮೇಲೆ ಬಂದ ಆಂಗ್ಲೋ-ಸ್ಯಾಕ್ಸನ್ನರು ಅವರ ಹಳೆ ಕೋಟೆ ಊರುಗಳನ್ನು 'ಚೆಆಸ್ಟರ್' ಅಂದರು. ಶಿಬಿರ ಅನ್ನುವ ಅರ್ಥದ ಲ್ಯಾಟಿನ್ 'ಕಾಸ್ಟ್ರಾ'ದಿಂದ ಬಂದ ಮಾತು. ಮ್ಯಾಂಚೆಸ್ಟರ್, ಲ್ಯಾಂಕಾಸ್ಟರ್, ಗ್ಲಾಸ್ಟರ್ ಎಲ್ಲದರ ಬಾಲ ಇದೇ. ಲೆಸ್ಟರ್‌ನ ಮೊದಲ ಭಾಗ 'ಲಿಗೊರ'. ಅದು ಅಲ್ಲಿದ್ದ ಜನರ ಹೆಸರು ಅಂತ ವಿದ್ವಾಂಸರು ಹೇಳುತ್ತಾರೆ. ರಾಜ ಎಲ್ಲೂ ಇಲ್ಲ.

ಬೆಲ್‌ಗ್ರೇವ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಮಗಳ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗುವುದಿಲ್ಲ. ಡೋಮ್ಸ್‌ಡೇಯಲ್ಲಿ ಈ ಊರಿನ ಹೆಸರು ಬೆಲ್‌ಗ್ರೇವ್ ಅಲ್ಲವೇ ಅಲ್ಲ, 'ಮರ್ಡೆಗ್ರೇವ್'. ಆಂಗ್ಲೋ-ಸ್ಯಾಕ್ಸನ್ನರ ಭಾಷೆಯಾದ ಹಳೆ ಇಂಗ್ಲಿಷಿನಲ್ಲಿ 'ಮೆಅರ್ಥ್' ಅಂದರೆ ಮಾರ್ಟೆನ್. ಮರ ಹತ್ತುವ, ಉದ್ದ ಬಾಲದ, ದಟ್ಟ ತುಪ್ಪಳದ ಸಣ್ಣ ಪ್ರಾಣಿ. ಆ ತುಪ್ಪಳಕ್ಕೆ ಆಗ ಒಳ್ಳೆ ಬೆಲೆ ಇತ್ತು. 'ಗ್ರಾಫ್' ಅಂದರೆ ತೋಪು. ಮಾರ್ಟೆನ್‌ಗಳಿರುವ ತೋಪು, ಅಷ್ಟೇ. ಹಳ್ಳಿಯವರಿಗೆ ಅದರಲ್ಲಿ ಏನೂ ವಿಶೇಷ ಇರಲಿಲ್ಲ. ಆದರೆ ವಿಲಿಯಂ ಜೊತೆ ಬಂದ ಹೊಸ ಒಡೆಯರು, ಅಂದರೆ ನಾರ್ಮನ್ನರು, ಮಾತಾಡುತ್ತಿದ್ದದ್ದು ಫ್ರೆಂಚ್. ಆ ಭಾಷೆಯಲ್ಲಿ 'ಮರ್ಡ್' ಅಂದರೆ ಹೇಲು. ತಮ್ಮ ಜಮೀನಿನ ಹೆಸರು ಕಿವಿಗೆ ಹಾಗೆ ಬಿದ್ದರೆ ಯಾರು ಸಹಿಸುತ್ತಾರೆ? ಮೊದಲ ಭಾಗ ತೆಗೆದು 'ಬೆಲ್' ಹಾಕಿದರು. ಬೆಲ್ ಅಂದರೆ ಚೆಂದ. ಗ್ರೇವ್ ಮಾತ್ರ ಹಳೆಯದೇ ಉಳಿಯಿತು. ಹಾಗಾಗಿ 'ಚೆಂದದ ತೋಪು' ಅನ್ನುವುದು ಇವತ್ತಿನ ಹೆಸರಿಗೆ ಸರಿ, ಊರು ಹುಟ್ಟಿದಾಗ ಇಟ್ಟ ಹೆಸರಿಗೆ ಸರಿಯಲ್ಲ. ಇವತ್ತಿನ ರೂಪವನ್ನು ಮಾತ್ರ ನೋಡಿದ್ದರೆ ಆ ಪ್ರಾಣಿ, ಆ ಜನ, ಆ ಮುಜುಗರ ಒಂದೂ ನಮಗೆ ಸಿಗುತ್ತಿರಲಿಲ್ಲ.

ಎಲ್ಲ ಕಡೆ ನಾರ್ಮನ್ನರ ಕೈ ಮೇಲಾಗಲಿಲ್ಲ. ಅದೇ ಜಿಲ್ಲೆಯಲ್ಲಿ 'ಒಳ್ಳೆ ನೋಟ' ಅನ್ನುವ ಅರ್ಥದ ಫ್ರೆಂಚ್ ಹೆಸರಿನ ಒಂದು ಕೋಟೆ ಇದೆ. ಬರೆಯುವುದು ಬೆಲ್ವಾರ್ ಅಂತ. ಊರವರು ಮಾತ್ರ ಇವತ್ತಿಗೂ ಅದನ್ನು ಬೀವರ್ ಅಂತಲೇ ಕರೆಯುತ್ತಾರೆ.

ಇಂಗ್ಲೆಂಡಿನ ಹೆಸರುಗಳಲ್ಲಿ ಹೀಗೆ ಪದರ ಪದರ ಇದೆ. ಆಂಗ್ಲೋ-ಸ್ಯಾಕ್ಸನ್ನರು ಬರುವ ಮುಂಚಿನಿಂದ ಅಲ್ಲಿದ್ದವರು ಕೆಲ್ಟಿಕ್ ಭಾಷೆಯ ಜನ. ನದಿಗಳ ಹೆಸರುಗಳಲ್ಲಿ ಅವರು ಜಾಸ್ತಿ ಉಳಿದಿದ್ದಾರೆ. ಥೇಮ್ಸ್, ಲೆಸ್ಟರ್‌ನಲ್ಲಿ ಹರಿಯುವ ಸೋರ್ ಇವೆಲ್ಲ ಇಂಗ್ಲಿಷಿಗಿಂತ ಹಳೆಯವು. ಏವನ್ ಅಂದರೆ ಬರೀ 'ನದಿ'. ವೇಲ್ಸ್‌ನವರು ಈಗಲೂ ನದಿಗೆ 'ಅವೊನ್' ಅಂತಲೇ ಅನ್ನುತ್ತಾರೆ. ನಿಮ್ಮ ಜಿಲ್ಲೆಯಲ್ಲೇ 'ಬ್ರೀಡನ್ ಆನ್ ದ ಹಿಲ್' ಎಂಬ ಊರಿದೆ, ಸಾಧ್ಯವಾದರೆ ಮಗಳನ್ನು ಕರೆದುಕೊಂಡು ಹೋಗಿ. 'ಬ್ರೆ' ಕೆಲ್ಟಿಕ್‌ನಲ್ಲಿ ಗುಡ್ಡ. ಆಮೇಲೆ ಬಂದವರಿಗೆ ಅದು ಗೊತ್ತಾಗದೆ ತಮ್ಮ ಭಾಷೆಯ ಗುಡ್ಡ 'ಡೂನ್' ಸೇರಿಸಿದರು. ಕೊನೆಗೆ ಅದೂ ಮರೆತುಹೋಗಿ 'ಗುಡ್ಡದ ಮೇಲಿನ' ಅಂತ ಇನ್ನೊಮ್ಮೆ ಸೇರಿತು. ಒಂದೇ ಹೆಸರಿನಲ್ಲಿ ಮೂರು ಗುಡ್ಡ.

ಈಗ 'ಬಿ' ವಿಷಯಕ್ಕೆ ಬರೋಣ. 865ರಲ್ಲಿ ಡೇನರ, ಅಂದರೆ ಡೆನ್ಮಾರ್ಕ್ ಕಡೆಯ ವೈಕಿಂಗರ, ದೊಡ್ಡ ಸೈನ್ಯ ಇಂಗ್ಲೆಂಡಿಗೆ ಬಂತು. 877ರಲ್ಲಿ ಮಧ್ಯ ಇಂಗ್ಲೆಂಡಿನ ಮರ್ಸಿಯಾ ರಾಜ್ಯದ ಪೂರ್ವ ಭಾಗವನ್ನು ಅವರು ತಮ್ಮತಮ್ಮೊಳಗೆ ಹಂಚಿಕೊಂಡರು. ಲೆಸ್ಟರ್, ಡಾರ್ಬಿ, ನಾಟಿಂಗ್‌ಹ್ಯಾಮ್, ಲಿಂಕನ್, ಸ್ಟ್ಯಾಮ್‌ಫರ್ಡ್ ಅವರ ಐದು ಮುಖ್ಯ ಪಟ್ಟಣಗಳಾದವು. ಅವರ ಭಾಷೆಯಲ್ಲಿ 'ಬಿ' ಅಂದರೆ ತೋಟದ ಮನೆ, ಹಳ್ಳಿ. ವಾಟ್ಲಿಂಗ್ ಸ್ಟ್ರೀಟ್ ಅನ್ನುವ ರೋಮನ್ ರಸ್ತೆ, ಅಂದರೆ ಇವತ್ತಿನ ಎ5 ಹೆದ್ದಾರಿ, ಸುಮಾರಾಗಿ ಅವರ ಗಡಿ. ಅದರ ಉತ್ತರಕ್ಕೆ ಮ್ಯಾಪ್ ಹಿಡಿದು ನೋಡಿ, ಬಿ, ಬಿ, ಬಿ. ದಕ್ಷಿಣಕ್ಕೆ ಬಂದರೆ ಹುಡುಕಬೇಕಾಗುತ್ತದೆ. ನಮ್ಮ ಅಪಾರ್ಟ್‌ಮೆಂಟ್, ಸೊಸೈಟಿಗಳ 'ಬೈಲಾ' ಇದೆಯಲ್ಲ, ಅದರ 'ಬೈ' ಕೂಡ ಬಹುಶಃ ಇದೇ ಮಾತು ಅಂತ ನಿಘಂಟುಗಳು ಹೇಳುತ್ತವೆ.

ಓಡ್‌ಬಿ ಅಂದರೆ ಔಥಿ ಎಂಬವನ ಹಳ್ಳಿ. ಡೋಮ್ಸ್‌ಡೇಯಲ್ಲಿ 'ಓಲ್ಡೆಬಿ' ಅಂತ ಬರೆದಿದ್ದಾರೆ. ಅದನ್ನು ನೋಡಿ 'ಓಲ್ಡ್', ಹಳೇ ಊರು ಅಂದುಕೊಳ್ಳಬೇಡಿ. ಆಮೇಲಿನ ದಾಖಲೆಗಳಲ್ಲಿ 'ಔಥೆಬಿ' ಅಂತಿದೆ. ಬರೆದುಕೊಂಡ ಗುಮಾಸ್ತನಿಗೆ ಸರಿಯಾಗಿ ಕೇಳಿಸಿರಲಿಕ್ಕಿಲ್ಲ. ಅದಕ್ಕೇ ಒಂದು ದಾಖಲೆ ನೋಡಿ ತೀರ್ಮಾನ ಮಾಡಬಾರದು, ನಾಲ್ಕಾರು ಜೋಡಿಸಿ ನೋಡಬೇಕು. ಪಕ್ಕದ ವಿಗ್‌ಸ್ಟನ್ ಇನ್ನೂ ಸ್ವಾರಸ್ಯ. 'ಟನ್' ಇಂಗ್ಲಿಷರ ಬಾಲ, ಮೊದಲ ಭಾಗ ಡೇನರ ಹೆಸರು, ಅದೂ 'ವೀಕಿಂಗ್' ಅಂತಲೇ ಹೆಸರಿದ್ದ ಮನುಷ್ಯ. ಥರ್ಮಸ್ಟನ್ ಥೋರ್ಮೋಡ್ ಎಂಬವನದ್ದು. ಮೊದಲೇ ಇದ್ದ ಇಂಗ್ಲಿಷರ ಹಳ್ಳಿಗೆ ಡೇನ್ ಒಡೆಯ ಬಂದಾಗ ಇಂಥ ಬೆರಕೆ ಹೆಸರು ಹುಟ್ಟಿತು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಜನ ಸತ್ತು ಖಾಲಿಯಾಗಿ ಹೊಸಬರು ತುಂಬಿಕೊಂಡ ಕಥೆ ಇದಲ್ಲ. ಎರಡೂ ಭಾಷೆಯವರು ಒಂದೇ ಹೊಲದಲ್ಲಿ ದುಡಿದಿದ್ದಾರೆ.

ಆದರೆ 'ಎಲ್ಲ ಬಿ ವೈಕಿಂಗ್' ಅನ್ನುವುದು ನಿಲ್ಲುವುದಿಲ್ಲ. ಓಡ್‌ಬಿಯಿಂದ ತುಂಬಾ ದೂರವಿಲ್ಲದ ರಗ್ಬಿಯನ್ನೇ ನೋಡಿ, ಆಟಕ್ಕೆ ಹೆಸರು ಕೊಟ್ಟ ಊರು. ಡೋಮ್ಸ್‌ಡೇಯಲ್ಲಿ ಅದು 'ರೋಚೆಬೆರಿ'. ಬಾಲ 'ಬೆರಿ', ಅಂದರೆ ಇಂಗ್ಲಿಷಿನ 'ಬುರ್', ಕೋಟೆ. ಸುತ್ತಲೂ ಬಿ ಊರುಗಳೇ ಇದ್ದಾಗ ಜನರ ಬಾಯಲ್ಲಿ ಇದೂ ಬಿ ಆಯಿತು. ಇನ್ನು ಉತ್ತರದ ಕಾರ್ಲೈಲ್ ಸುತ್ತ ಕೆಲವು ಬಿ ಊರುಗಳ ಮುಂದೆ ಇರುವುದು ರಿಚರ್ಡ್ ಥರದ ಹೆಸರು. ಅವು ನಾರ್ಮನ್ನರು ಬಂದ ಮೇಲೆ ಹುಟ್ಟಿದ ಊರ ಹೆಸರುಗಳು. 'ಬಿ' ಅನ್ನುವ ಮಾತು ಆಗಲೇ ಅಲ್ಲಿಯ ಆಡುಮಾತಿಗೆ ಸೇರಿಹೋಗಿತ್ತು.

ಅಡ್ಡಹೆಸರು ಅಂದರೇನು ಅಂತ ಗದಗದವರಿಗೆ ನಾನು ಹೇಳಬೇಕಿಲ್ಲ. ಬಡಿಗೇರ, ಪತ್ತಾರ, ಕುಂಬಾರ ನಿಮ್ಮ ನಡುವೆಯೇ ಇದ್ದಾರೆ. ಇಂಗ್ಲೆಂಡಿನಲ್ಲಿ 1066ಕ್ಕೆ ಮುಂಚೆ ಸಾಮಾನ್ಯರಿಗೆ ಒಂದೇ ಹೆಸರು, ಬೇಕಾದರೆ ಗುರುತಿಗೆ ಒಂದು ಬಿರುದು. ತಂದೆಯಿಂದ ಮಗನಿಗೆ ಇಳಿಯುವ ಅಡ್ಡಹೆಸರು ಮೊದಲು ಬಂದದ್ದು ಜಮೀನಿದ್ದ ನಾರ್ಮನ್ನರಲ್ಲಿ. ಎಲ್ಲರಿಗೂ ಹರಡಲು ಸುಮಾರು 1400ರವರೆಗೆ ಹಿಡಿಯಿತು, ಉತ್ತರದ ಕಡೆ ಇನ್ನೂ ತಡ. ಒಂದು ಕಾರಣ ಹೆಸರುಗಳ ಬರ. ನಾರ್ಮನ್ನರು ಬಂದ ಮೇಲೆ ಹಳೆ ಹೆಸರುಗಳೆಲ್ಲ ಹಿಂದೆ ಸರಿದು, ಎಲ್ಲಿ ನೋಡಿದರೂ ಜಾನ್, ವಿಲಿಯಂ, ರಾಬರ್ಟ್, ರಿಚರ್ಡ್. ಒಂದೇ ಹಳ್ಳಿಯಲ್ಲಿ ಹತ್ತು ಜಾನ್ ಇದ್ದರೆ ಯಾರ ಹತ್ತಿರ ಕಂದಾಯ ಕೇಳುವುದು? 1377, 1379, 1381ರಲ್ಲಿ ತಲೆಗಂದಾಯ ಹಾಕಿದಾಗ ಬರೆದ ಪಟ್ಟಿಗಳು ನಮಗೆ ಇವತ್ತು ಚಿನ್ನದ ಗಣಿ.

ಅಪ್ಪನ ಹೆಸರಿನಿಂದ ಬಂದವು ಜಾನ್ಸನ್, ರಾಬಿನ್ಸನ್ ಅಂತ ಸುಲಭವಾಗಿ ಕಾಣುತ್ತವೆ. ಮುದ್ದಿನ ಹೆಸರಿನಿಂದ ಬಂದವು ಅಷ್ಟು ಸುಲಭವಾಗಿ ಕಾಣುವುದಿಲ್ಲ. ರಿಚರ್ಡ್ ರಿಕ್ ಆದ, ಪ್ರಾಸಕ್ಕೆ ಡಿಕ್ ಆದ, ಹಿಕ್ ಆದ. ಅದರಿಂದ ಡಿಕ್ಸನ್, ಹಿಕ್ಸನ್. ರಾಬರ್ಟ್ ಹೀಗೇ ಹಾಬ್ ಆಗಿ ಹಾಬ್ಸನ್, ಹಾಪ್ಕಿನ್ಸ್. ಕಸುಬಿನ ಹೆಸರುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದೇ ಕಸುಬಿನ ಮೂರು ಹೆಸರು. ನೇಯ್ದ ಉಣ್ಣೆ ಬಟ್ಟೆಯನ್ನು ತೊಟ್ಟಿಯಲ್ಲಿ ಹಾಕಿ, ಜಿಡ್ಡು ಬಿಟ್ಟು ಬಟ್ಟೆ ದಪ್ಪವಾಗುವ ತನಕ ಕಾಲಲ್ಲಿ ತುಳಿಯಬೇಕಿತ್ತು. ತುಳಿಯುವವನಿಗೆ ಆಗ್ನೇಯ ಇಂಗ್ಲೆಂಡಿನಲ್ಲಿ ಫುಲ್ಲರ್, ನೈಋತ್ಯದಲ್ಲಿ ಟಕ್ಕರ್, ಉತ್ತರದಲ್ಲಿ ವಾಕರ್ ಅಂದರು. ಹಾಗಾಗಿ ಒಂದು ಅಡ್ಡಹೆಸರು ಕಸುಬನ್ನಷ್ಟೇ ಅಲ್ಲ, ಸೀಮೆಯನ್ನೂ ಹೇಳಬಲ್ಲದು. ಕಿಂಗ್, ಬಿಷಪ್ ಅನ್ನುವ ಅಡ್ಡಹೆಸರಿನವರು ರಾಜನ ಮಕ್ಕಳೂ ಅಲ್ಲ, ಬಿಷಪ್ಪನ ಮಕ್ಕಳೂ ಅಲ್ಲ. ನಾಟಕದಲ್ಲಿ ಆ ವೇಷ ಹಾಕಿದವನೋ, ಆ ಗತ್ತಿನವನೋ, ಅವರ ಮನೆಯಲ್ಲಿ ಕೆಲಸಕ್ಕಿದ್ದವನೋ ಇರಬೇಕು.

ಆಶ್‌ಬಿ ಊರಿನಿಂದ ಬಂದ ಅಡ್ಡಹೆಸರು. ಊರು ಬಿಡದವನಿಗೆ ಈ ಹೆಸರು ಬರುವುದು ಕಡಿಮೆ, ಆಶ್‌ಬಿಯಲ್ಲಿ ಎಲ್ಲರೂ ಆಶ್‌ಬಿಯವರೇ ತಾನೇ? ಲೆಸ್ಟರ್ ಪೇಟೆಗೆ ಬಂದು ಸೇರಿದ ಜಾನ್‌ಗೆ 'ಆಶ್‌ಬಿಯ ಜಾನ್' ಅಂತ ಉಳಿದವರು ಕರೆದಿರುತ್ತಾರೆ. ಜಮೀನ್ದಾರರೂ ಊರ ಹೆಸರು ಹಾಕಿಕೊಂಡದ್ದುಂಟು. 12ನೇ ಶತಮಾನದಲ್ಲಿ ಹರ್ಟ್‌ಬರ್ನ್‌ನ ವಿಲಿಯಂ ಎಂಬವನು ಈಶಾನ್ಯ ಇಂಗ್ಲೆಂಡಿನ ವಾಷಿಂಗ್ಟನ್ ಎಂಬ ಊರಿನ ಒಡೆತನ ಪಡೆದು, ಹಳೇ ಹೆಸರು ಬಿಟ್ಟು ಅದನ್ನೇ ಇಟ್ಟುಕೊಂಡ. ಅಮೆರಿಕದ ಮೊದಲ ಅಧ್ಯಕ್ಷನ ಅಡ್ಡಹೆಸರು ಅಲ್ಲಿಂದ ಬಂದದ್ದು.

ಆದರೆ ಆಶ್‌ಬಿ-ಡಿ-ಲಾ-ಝೂಶ್‌ನ ಕಥೆ ಉಲ್ಟಾ. ಆಶ್‌ಬಿ ಅಂದರೆ ಆಶ್ ಮರಗಳಿರುವ ಹಳ್ಳಿ. 12ನೇ ಶತಮಾನದಲ್ಲಿ ಫ್ರಾನ್ಸಿನ ಬ್ರಿಟನಿ ಕಡೆಯ ಝೂಶ್ ಮನೆತನ ಅಲ್ಲಿಗೆ ಬಂದು, ಊರಿಗೇ ತಮ್ಮ ಹೆಸರು ಅಂಟಿಸಿತು. ಅಂದರೆ ಒಡೆಯರ ಅಡ್ಡಹೆಸರು ಝೂಶ್, ಆಶ್‌ಬಿ ಅಲ್ಲ. 15ನೇ ಶತಮಾನದಲ್ಲಿ ಅಲ್ಲಿಯ ದೊಡ್ಡ ಗೋಪುರ ಕಟ್ಟಿಸಿದವನು ಹೇಸ್ಟಿಂಗ್ಸ್ ಪ್ರಭು. ಕೋಟೆಯ ಒಡೆಯರ ಪಟ್ಟಿಯಲ್ಲಿ ಅಜ್ಜನ ಅಡ್ಡಹೆಸರು ಹುಡುಕುವುದು ಸುಮ್ನೆ ಶ್ರಮ. ಅಲ್ಲದೆ ಆಶ್‌ಬಿ ಅನ್ನುವ ಊರು ಒಂದೇ ಅಲ್ಲ. ಲೆಸ್ಟರ್ ಜಿಲ್ಲೆಯಲ್ಲೇ ಆಶ್‌ಬಿ ಮ್ಯಾಗ್ನಾ, ಆಶ್‌ಬಿ ಪಾರ್ವಾ, ಆಶ್‌ಬಿ ಫೋಲ್‌ವಿಲ್ ಇವೆ. ಆಚೆ ಜಿಲ್ಲೆಗಳಲ್ಲಿ ಇನ್ನೂ ಇವೆ. ಯಾವ ಆಶ್‌ಬಿ ಅನ್ನುವುದೇ ಮೊದಲ ಪ್ರಶ್ನೆ.

ಹಾಗಂತ ಅಜ್ಜನ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಆಶ್‌ಬಿ ಅನ್ನುವ ಜಮೀನ್ದಾರಿ ಮನೆತನ ಲೆಸ್ಟರ್‌ನ ಪೂರ್ವಕ್ಕೆ ನಿಜವಾಗಿ ಇತ್ತು. ಕ್ವೆನ್‌ಬಿ ಹಾಲ್ ಎಂಬ ದೊಡ್ಡ ಮನೆ 17ನೇ ಶತಮಾನದಲ್ಲಿ ಅವರೇ ಕಟ್ಟಿಸಿದ್ದು. ಮನೆಯಲ್ಲಿ ಯಾರೋ ಹಿರಿಯರು 'ನಮ್ಮ ಹೆಸರಿನ ದೊಡ್ಡಮನೆಯವರು' ಅಂದ ಮಾತು ಮುಂದೆ ಕೋಟೆಯ ಕಥೆಯಾಗಿ ಬೆಳೆದಿರಬಹುದು. ಸಂಬಂಧ ಇದೆಯೋ ಇಲ್ಲವೋ ದಾಖಲೆ ನೋಡದೆ ಹೇಳಲಾಗದು.

ಇಲ್ಲಿಗೆ ಲಾಂಛನದ ಪ್ರಶ್ನೆಯೂ ಬಂತು. ಇಂಗ್ಲೆಂಡಿನಲ್ಲಿ ಅಡ್ಡಹೆಸರಿಗೆ ಅಂತ ಲಾಂಛನ ಇರುವುದಿಲ್ಲ. ಲಾಂಛನ ಸಿಗುವುದು ಒಬ್ಬ ವ್ಯಕ್ತಿಗೆ, ಅವನ ನಂತರ ಗಂಡು ಸಂತತಿಯಲ್ಲಿ ಬಂದವರಿಗೆ. ಇದನ್ನು ನೋಡಿಕೊಳ್ಳುವ ಕಾಲೇಜ್ ಆಫ್ ಆರ್ಮ್ಸ್ 1484ರಿಂದ ಇದೆ. ಅವರ ಉತ್ತರವೂ ಇದೇ. ಅಂಗಡಿಯ ಚಿತ್ರ ಅದೇ ಅಡ್ಡಹೆಸರಿನ ಬೇರೆ ಯಾರದ್ದೋ ಲಾಂಛನದ ನಕಲು ಆಗಿರುತ್ತದೆ. ಗೋಡೆಗೆ ಚೆಂದ ಕಾಣಬಹುದು. ಆದರೆ ಎಂಬತ್ತು ವರ್ಷದವರಿಗೆ ಸಂಬಂಧವಿಲ್ಲದವರ ಗುರುತು ಕೊಟ್ಟು 'ಇದು ನಿಮ್ಮದು' ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಡಿಎನ್‌ಎ ಕಿಟ್ ಸುಳ್ಳು ಹೇಳುವುದಿಲ್ಲ, ಅದೇ ಅದರ ತೊಂದರೆ ಕೂಡ. ವೈ ಕ್ರೋಮೋಸೋಮ್ ಅಡ್ಡಹೆಸರಿನ ಹಾಗೇ ಅಪ್ಪನಿಂದ ಮಗನಿಗೆ ಇಳಿಯುತ್ತದೆ. ಇದರ ಬಗ್ಗೆ ಒಳ್ಳೆಯ ಸಂಶೋಧನೆ ನಡೆದದ್ದು ನಿಮ್ಮ ಲೆಸ್ಟರ್ ವಿಶ್ವವಿದ್ಯಾಲಯದಲ್ಲೇ. ಅಪರೂಪದ ಅಡ್ಡಹೆಸರಿನವರಲ್ಲಿ ಒಂದೇ ಮೂಲ ಕಾಣುವುದು ಜಾಸ್ತಿ. ಸ್ಮಿತ್‌ನಂಥ ಹೆಸರಿನವರಲ್ಲಿ ಕಾಣುವುದಿಲ್ಲ, ಊರಿಗೊಬ್ಬ ಕಮ್ಮಾರ ಇದ್ದೇ ಇದ್ದನಲ್ಲ. ಹಲವು ಊರಿನಿಂದ ಬಂದಿರಬಹುದಾದ ಆಶ್‌ಬಿಗೆ ಉತ್ತರ ಗೋಜಲಾಗಿಯೇ ಬರಬಹುದು. ಇನ್ನೊಂದು ಅಪಾಯ ನಿಮಗೆ ಗೊತ್ತಿರಲಿ. 2012ರಲ್ಲಿ ಲೆಸ್ಟರ್‌ನ ಕಾರ್ ಪಾರ್ಕ್ ಅಡಿಯಲ್ಲಿ ಮೂರನೇ ರಿಚರ್ಡ್ ರಾಜನ ಅಸ್ಥಿಪಂಜರ ಸಿಕ್ಕಿತಲ್ಲ. ತಾಯಿ ಕಡೆಯ ಡಿಎನ್‌ಎ ಇಂದಿನ ಸಂಬಂಧಿಕರ ಜೊತೆ ಹೊಂದಿತು. ವೈ ಕ್ರೋಮೋಸೋಮ್ ಮಾತ್ರ ಗಂಡು ಸಾಲಿನವರು ಅಂತ ದಾಖಲೆ ಹೇಳುವವರ ಜೊತೆ ಹೊಂದಲಿಲ್ಲ. ಅಷ್ಟು ಶತಮಾನಗಳಲ್ಲಿ ಎಲ್ಲೋ ಒಂದು ಕಡೆ ಕಾಗದದ ಅಪ್ಪ ಬೇರೆ, ಹೆತ್ತ ಅಪ್ಪ ಬೇರೆ. ರಾಜಮನೆತನದಲ್ಲೇ ಹೀಗಾದರೆ ಯಾವ ಮನೆಯಲ್ಲೂ ಆಗಬಹುದು. ಅದು ಐದು ಶತಮಾನದ ಹಿಂದಿನದ್ದಾದರೆ ಕಥೆ. ಅಜ್ಜನ ಅಪ್ಪನ ಕಾಲದ್ದಾದರೆ ಗಾಯ. ಅವರನ್ನು ಕೇಳದೆ ಕಿಟ್ ತಂದು ಕೈಗೆ ಇಡಬೇಡಿ.

ನಾನಾದರೆ ಕಾಗದದ ದಾರಿ ಹಿಡಿಯುತ್ತೇನೆ. ಅಜ್ಜನಿಗೆ ಗೊತ್ತಿರುವ ಅವರ ತಾತನಿಂದ ಶುರು ಮಾಡಿ ಹಿಂದೆ ಹೋಗಿ. 1921ರವರೆಗಿನ ಜನಗಣತಿ ನೋಡಲು ಸಿಗುತ್ತದೆ, ಹಿಂದಕ್ಕೆ 1841ರ ತನಕ ಹೆಸರುಗಳಿವೆ. ಹುಟ್ಟು, ಮದುವೆ, ಸಾವಿನ ಸರ್ಕಾರಿ ನೋಂದಣಿ 1837ರಿಂದ ಇದೆ. ಅದಕ್ಕೂ ಹಿಂದೆ ಚರ್ಚುಗಳ ರಿಜಿಸ್ಟರ್, 1538ರಲ್ಲಿ ಶುರುವಾದದ್ದು. ಎಲ್ಲ ಚರ್ಚಿನಲ್ಲೂ ಅಷ್ಟು ಹಳೆಯದು ಉಳಿದಿಲ್ಲ. ಲೆಸ್ಟರ್ ಜಿಲ್ಲೆಯ ದಾಖಲೆಗಳ ಕಚೇರಿ ಇರುವುದು ನಿಮ್ಮ ಪಕ್ಕದ ವಿಗ್‌ಸ್ಟನ್‌ನಲ್ಲೇ, ಹೊರಡುವ ಮುಂಚೆ ತೆರೆದಿರುವ ದಿನ ನೋಡಿಕೊಳ್ಳಿ. ಈ ದಾರಿಯಲ್ಲೂ ಬೇಡದ ಸುದ್ದಿ ಸಿಗಬಹುದು. ಅನಾಥಾಲಯ, ಜೈಲು, ಅಪ್ಪನ ಹೆಸರು ಬರೆಯದೆ ಬಿಟ್ಟ ಜಾಗ. ಆದರೆ ಇಲ್ಲಿ ಎಲ್ಲಿ ನಿಲ್ಲಬೇಕು ಅನ್ನುವುದು ನಿಮ್ಮ ಕೈಯಲ್ಲಿರುತ್ತದೆ. ಹೆಸರು ಹೊಂದಿತು ಅಂತ ಕ್ವೆನ್‌ಬಿಗೆ ಹಾರಿ ಜೋಡಿಸಿಬಿಡುವ ಆಸೆ ಮಾತ್ರ ಬೇಡ. ಒಂದೊಂದು ತಲೆಮಾರಿಗೂ ಕಾಗದ ಬೇಕು.

ಹುಟ್ಟುಹಬ್ಬಕ್ಕೆ ಸಮಯ ಕಡಿಮೆ ಇದ್ದರೆ ನಾಲ್ಕು ತಲೆಮಾರಿನ ಸಣ್ಣ ವಂಶವೃಕ್ಷ ಸಾಕು. ಜೊತೆಗೆ ಜಿಲ್ಲೆಯ ಆಶ್‌ಬಿಗಳನ್ನು ಗುರುತು ಮಾಡಿದ ಒಂದು ಮ್ಯಾಪ್ ಇಡಿ. ಮ್ಯಾಪ್ ಬರೆಯುವ ಕೆಲಸ ಮಗಳಿಗೆ ಕೊಡಿ. ಅದನ್ನೇ ಪ್ರಾಜೆಕ್ಟಿಗೂ ಹಾಕಬಹುದು. ಅದರಲ್ಲಿ ಓಡ್‌ಬಿ, ವಿಗ್‌ಸ್ಟನ್, ಬೆಲ್‌ಗ್ರೇವ್ ಸೇರಿಸಿ, ಪ್ರತಿ ಊರಿನ ಪಕ್ಕ 1086ರಲ್ಲಿ ಹೇಗೆ ಬರೆದಿದ್ದರು ಅಂತ ಬರೆಯಲಿ. ಡೋಮ್ಸ್‌ಡೇಯ ಪುಟಗಳು ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಹೆಸರು ಅಧ್ಯಯನ ಕೇಂದ್ರದವರು ಊರ ಹೆಸರುಗಳ ಅರ್ಥವನ್ನೂ ಅಲ್ಲೇ ಕೊಟ್ಟಿದ್ದಾರೆ. ಮರ್ಡೆಗ್ರೇವ್ ಬಗ್ಗೆ ಬರೆಯಬಹುದಾ ಅಂತ ಅವಳು ಕೇಳಿದರೆ, ಖಂಡಿತ ಬರೆಯಲಿ.